ಮೂರನೇ ಟಚ್ಚಿಗೆ ಸೀಟಿ

ಹೋದ ತಿಂಗಳು ಒಬ್ಬ ಹೊಸ ಫುಟ್‌ಬಾಲ್ ಕೋಚ್ ಕಾಶಿಯ ಹನುಮಾನ್ ಘಾಟಿನ ಓಣಿಯಲ್ಲಿರುವ ನಮ್ಮ ಮನೆ ಹುಡುಕಿಕೊಂಡು ಬಂದಿದ್ದ. ಕೆಲಸಕ್ಕೆ ಸೇರಿ ವರ್ಷವೂ ಆಗಿಲ್ಲ, ಪಾಪ. ಚಹಾ ಕುಡಿದು, ಮೊಬೈಲ್ ತೆಗೆದು ಒಂದು ವಿಡಿಯೋ ತೋರಿಸಿದ. ಯಾವುದೋ ದೇಶದ ಚಿಕ್ಕ ಮಕ್ಕಳು ಚೆಂಡನ್ನು ಕಾಲಿಗೆ ಅಂಟಿಸಿಕೊಂಡವರ ಹಾಗೆ ಓಡುತ್ತಿದ್ದರು, ಒಬ್ಬರನ್ನೊಬ್ಬರು ಯಾಮಾರಿಸುತ್ತಿದ್ದರು, ನಗುತ್ತಿದ್ದರು. ಇನ್ನು ಮುಂದೆ ನಮ್ಮ ಮಕ್ಕಳಿಗೂ ಇದನ್ನೇ ಕಲಿಸಬೇಕೆಂದು ಮೇಲಿನಿಂದ ಆದೇಶ ಬಂದಿದೆಯಂತೆ. ಇದಕ್ಕೆ 'ಸೃಜನಶೀಲ ಡ್ರಿಬ್ಲಿಂಗ್' ಎಂದು ಹೆಸರು ಬೇರೆ ಇಟ್ಟಿದ್ದಾರೆ.

"ಸರ್, ನಮ್ಮ ಮಕ್ಕಳಲ್ಲಿ ಇದು ಯಾಕಿಲ್ಲ?" ಎಂದು ಕೇಳಿದ.

ನನಗೆ ಮೈಯೆಲ್ಲ ಉರಿದುಹೋಯಿತು. ಯಾಕಿಲ್ಲವೇ? ಇತ್ತು ಮಾರಾಯ! ಇದ್ದದ್ದನ್ನು ಸೀಟಿ ಊದಿ ಊದಿ ಸಾಯಿಸಿದರು, ಈಗ ವಿಡಿಯೋ ತರಿಸಿಕೊಂಡು ನೋಡುತ್ತಿದ್ದಾರೆ. ಆ ಹುಡುಗನ ಮೇಲೆ ರೇಗಿ ಏನು ಪ್ರಯೋಜನ ಎಂದು ಅವತ್ತು ಇನ್ನೊಂದು ಲೋಟ ಚಹಾ ಕುಡಿಸಿ ಕಳಿಸಿದೆ. ಅವನಿಗೆ ಹೇಳದೆ ಉಳಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ. ಈ ಕೆಲಸಕ್ಕೆ ಹೊಸದಾಗಿ ಬರುವ ನಮ್ಮ ಹುಡುಗ ಹುಡುಗಿಯರು ಓದಲಿ.

ನಾನು ಹುಬ್ಬಳ್ಳಿಯವನು. ಚೆಂಡು ಒದ್ದೇ ರೈಲ್ವೆಯಲ್ಲಿ ನೌಕರಿ ಸಿಕ್ಕಿತು, ಆ ನೌಕರಿಯೇ ನನ್ನನ್ನು ಬನಾರಸಿಗೆ ತಂದು ಹಾಕಿತು. ಮೊಣಕಾಲು ಕೈಕೊಟ್ಟ ಮೇಲೆ ಎರವಲು ಸೇವೆಯಲ್ಲಿ ಒಂದು ಕ್ರೀಡಾ ಸಂಸ್ಥೆಗೆ ಫುಟ್‌ಬಾಲ್ ಕೋಚ್ ಆಗಿ ಹೋದೆ. ಸಂಸ್ಥೆಯ ಹೆಸರು ಹೇಳುವುದಿಲ್ಲ. ಬೆಳಿಗ್ಗೆ ಬೆಳಿಗ್ಗೆ ಬಾಯಿ ಯಾಕೆ ಹೊಲಸು ಮಾಡಿಕೊಳ್ಳಲಿ! ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದು ನನ್ನ ಹೆಂಡತಿಗೇ ನೆನಪಿಲ್ಲ, ನಿಮಗೆ ಅದೆಲ್ಲ ಯಾಕೆ?

ಸಂಸ್ಥೆಗೆ ಒಂದು ಮೈದಾನವಿತ್ತು. ಇತ್ತು ಎಂದಷ್ಟೇ ಹೇಳಬಹುದು. ಮದುವೆಯ ಕಾಲ ಬಂತೆಂದರೆ ಅದನ್ನು ಶಾಮಿಯಾನದವರಿಗೆ ಬಾಡಿಗೆಗೆ ಕೊಡುತ್ತಿದ್ದರು. ಮದುವೆ ಮುಗಿದ ಮೇಲೆ ಗೋಲ್ ಕಂಬದ ಮುಂದೆ ಎಂಜಲು ದೊನ್ನೆಗಳ ರಾಶಿ, ಉಳಿದ ಕಡೆಯೆಲ್ಲ ಕಂಬ ನೆಟ್ಟ ಗುಂಡಿಗಳು. "ಮಕ್ಕಳ ಕಾಲು ಮುರಿದರೆ ಯಾರು ಹೊಣೆ?" ಎಂದು ಕಚೇರಿಗೆ ಹೋಗಿ ಕೂಗಾಡಿದೆ. ಅಲ್ಲಿದ್ದ ಗುಮಾಸ್ತ ಬಾಬು ಪಾನ್ ತುಂಬಿದ ಬಾಯಲ್ಲೇ ನಕ್ಕು, "ಕೋಚ್ ಸಾಬ್, ನಾಳೆ ಊಟಕ್ಕೆ ನೀವೂ ಬಂದುಬಿಡಿ" ಎಂದ. ಆ ನಗು ನೆನಪಾದರೆ ಇವತ್ತಿಗೂ ಅವನ ಪಾನ್ ಡಬ್ಬಿ ಗಂಗೆಗೆ ಎಸೆಯಬೇಕು ಅನಿಸುತ್ತದೆ.

ಮೈದಾನ ಇಲ್ಲದ ಕೋಚ್ ಎಲ್ಲಿಗೆ ಹೋಗಬೇಕು? ಮಕ್ಕಳು ಎಲ್ಲಿದ್ದರೋ ಅಲ್ಲಿಗೆ ಹೋದೆ. ನನ್ನ ಬಳಿ ಬರುತ್ತಿದ್ದವರಲ್ಲಿ ಅರ್ಧ ಮಕ್ಕಳು ಜಂಗಮವಾಡಿಯ ಸುತ್ತಮುತ್ತಲಿನವರು. ಅಲ್ಲಿಯ ಓಣಿಗಳಲ್ಲಿ ಇಬ್ಬರು ಎದುರುಬದುರು ಬಂದರೆ ಒಬ್ಬ ಗೋಡೆಗೆ ಅಂಟಿಕೊಳ್ಳಬೇಕು. ನೆಲಕ್ಕೆ ಕಲ್ಲು ಚಪ್ಪಡಿ. ಗಟ್ಟಿ ಗಾಳಿ ತುಂಬಿದ ಚೆಂಡು ಅಲ್ಲಿ ಪುಟಿದು ಯಾರದೋ ಕಿಟಕಿಗೆ ಹೋಗುತ್ತದೆ, ಅದಕ್ಕೇ ಸ್ವಲ್ಪ ಗಾಳಿ ಬಿಟ್ಟು ಮೆತ್ತಗೆ ಮಾಡಿಕೊಂಡೆ. ನಿಯಮ ಒಂದೇ. ಚೆಂಡು ಕಾಲಲ್ಲಿ ಇಟ್ಟುಕೊಂಡು ಓಣಿಯ ಈ ತುದಿಯಿಂದ ಆ ತುದಿಗೆ ಹೋಗಬೇಕು. ಅದು ದಾರಿಹೋಕರ ಕಾಲಿಗೆ, ಹಸುವಿಗೆ, ತರಕಾರಿ ಬುಟ್ಟಿಗೆ, ಯಾವುದಕ್ಕೆ ತಗುಲಿದರೂ ಆಟದಿಂದ ಹೊರಗೆ, ಹೋಗಿ ಕಟ್ಟೆಯ ಮೇಲೆ ಕೂತುಕೋ.

ಇದರಿಂದ ಏನೇನು ಕಲಿಯಬಹುದು ನೋಡಿ. ಚೆಂಡು ಕಾಲಿನಿಂದ ಒಂದು ಗೇಣಿಗಿಂತ ದೂರ ಹೋದರೆ ಅದು ನಿಮ್ಮದಲ್ಲ, ಹಸುವಿನದು. ಹೀಗಾಗಿ ಮಕ್ಕಳು ಪಾದದ ಒಳಬದಿ, ಹೊರಬದಿ, ಅಂಗಾಲು ಮೂರನ್ನೂ ತಾವಾಗಿಯೇ ಬಳಸತೊಡಗಿದರು. ಚೆಂಡನ್ನೇ ನೋಡುತ್ತ ಹೋದರೆ ಎದುರಿನಿಂದ ಬೈಕ್ ಬಂದು ಗುದ್ದುತ್ತದೆ, ಹೀಗಾಗಿ ತಲೆ ಎತ್ತಿ ಓಡುವುದು ಕಲಿತರು. ಇನ್ನು ಎದುರಿನವರನ್ನು ಯಾಮಾರಿಸುವುದು. ಹಾಲಿನ ಕ್ಯಾನ್ ಹಿಡಿದವನೊಬ್ಬ ಎದುರು ಬರುತ್ತಾನೆ, ನೀವು ಎಡಕ್ಕೆ ವಾಲಿದರೆ ಅವನು ತನ್ನ ದಾರಿ ಬದಲಿಸುತ್ತಾನೆ. ನಿಮ್ಮ ಭುಜ ನೋಡಿ ಅವನು ತೀರ್ಮಾನ ಮಾಡುತ್ತಾನೆ, ಕಾಲು ನೋಡಿ ಅಲ್ಲ. "ಭುಜದಿಂದ ಅವನನ್ನ ಆ ಕಡೆ ಕಳಿಸ್ರಿ, ನೀವು ಈ ಕಡೆ ಹೋಗ್ರಿ" ಎಂದು ಹೇಳಿಕೊಟ್ಟೆ. ಸಾಲಾಗಿ ಪ್ಲಾಸ್ಟಿಕ್ ಕೋನ್ ಇಟ್ಟು ಅವುಗಳ ನಡುವೆ ಓಡಿಸುವ ಕೋಚುಗಳೇ, ಕೋನ್ ಯಾವತ್ತಾದರೂ ನಿಮ್ಮ ಭುಜ ನೋಡಿದೆಯೇ?

ಎಲ್ಲವೂ ಚೆನ್ನಾಗಿತ್ತು ಎಂದಲ್ಲ. ಮೊದಲ ಸಲ ಈ ಮಕ್ಕಳನ್ನು ದೊಡ್ಡ ಮೈದಾನದ ಪಂದ್ಯಕ್ಕೆ ಕರೆದುಕೊಂಡು ಹೋದಾಗ ಮಾನ ಹೋಯಿತು. ಓಣಿಯಲ್ಲಿ ಎದುರಾಳಿ ಅಡ್ಡ ಬಂದರೆ ಚೆಂಡನ್ನು ಪಕ್ಕದ ಗೋಡೆಗೆ ಹೊಡೆದು, ಅವನನ್ನು ಸುತ್ತುಹಾಕಿ, ವಾಪಸ್ ಬಂದದ್ದನ್ನು ಹಿಡಿಯುವುದು ಅವರಿಗೆ ರೂಢಿ. ಮೈದಾನದಲ್ಲಿ ಗೋಡೆ ಎಲ್ಲಿದೆ? ಅಂಚಿನ ಗೆರೆ ಸಿಕ್ಕಿದ ಕೂಡಲೇ ಹೊರಗೆ ಹೊಡೆದು, ಇತ್ತ ಕಡೆ ಓಡಿ ಬಂದು, ಚೆಂಡಿಗಾಗಿ ಕಾಯುತ್ತ ನಿಲ್ಲುತ್ತಿದ್ದರು. ಚೆಂಡು ಅತ್ತ ಚರಂಡಿಯ ಕಡೆ ಉರುಳುತ್ತಿತ್ತು. ನೋಡುವವರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಒಂದು ತಿಂಗಳು ಕಷ್ಟಪಟ್ಟು ಬಯಲಲ್ಲಿ ಆಡುವುದನ್ನು ರೂಢಿ ಮಾಡಿಸಿದೆ.

ಆ ಓಣಿಗಳಿಗೆ ಇನ್ನೊಂದು ಪದ್ಧತಿ ಇತ್ತು. ಘಾಟಿನ ಕಡೆ ಹೆಣ ಹೊತ್ತವರು ಬರುತ್ತಿದ್ದರು. "ರಾಮ್ ನಾಮ್ ಸತ್ಯ ಹೈ" ಎಂಬ ಕೂಗು ದೂರದಲ್ಲಿ ಕೇಳಿದ್ದೇ ತಡ, ಮಕ್ಕಳು ಎಷ್ಟೇ ಜೋರಾಗಿ ಓಡುತ್ತಿದ್ದರೂ ಅಂಗಾಲಿನ ಕೆಳಗೆ ಚೆಂಡು ಒತ್ತಿ ಗೋಡೆಗೆ ಸರಿದು ನಿಲ್ಲುತ್ತಿದ್ದರು. ಚಟ್ಟ ದಾಟಿಹೋಗುವವರೆಗೆ ಚೆಂಡು ಅಲ್ಲಾಡಬಾರದು. ಇದನ್ನು ಅವರಿಗೆ ನಾನು ಕಲಿಸಿದ್ದಲ್ಲ, ಮನೆಯವರು ಕಲಿಸಿದ್ದು. ಚೆಂಡು ಉರುಳಿ ಹೊತ್ತವರ ಕಾಲಿಗೆ ಸಿಕ್ಕರೆ ಏನು ಗತಿ? ಆದರೆ ಕೋಚ್ ಕಣ್ಣಿಗೆ ಅದು ಬೇರೆಯೇ ಕಾಣುತ್ತದೆ. ಓಡುವ ಚೆಂಡನ್ನು ಒಂದೇ ಸ್ಪರ್ಶದಲ್ಲಿ, ಕೆಳಗೆ ನೋಡದೆ ನಿಲ್ಲಿಸುವುದು ದೊಡ್ಡ ದೊಡ್ಡ ಆಟಗಾರರಿಗೂ ಸುಲಭವಲ್ಲ.

ಇದರಲ್ಲಿ ಎಲ್ಲರಿಗಿಂತ ಮುಂದಿದ್ದವಳು ನೀಲಮ್ಮ. ಅವಳ ಅಪ್ಪ ಶಿವಯ್ಯ ಬಿಜಾಪುರ ಕಡೆಯವರು, ಜಂಗಮವಾಡಿಯಲ್ಲಿ ಕರ್ನಾಟಕದ ಯಾತ್ರಿಕರು ಇಳಿದುಕೊಳ್ಳುವ ಒಂದು ವಸತಿಗೃಹದ ಮೇಲ್ವಿಚಾರಕರು. ಮಗಳು ಹುಟ್ಟಿದ್ದು ಬೆಳೆದದ್ದು ಕಾಶಿಯಲ್ಲೇ. ಓಣಿಯವರು ನೀಲಮ್ಮನನ್ನು ನೀಲಂ ಮಾಡಿಬಿಟ್ಟಿದ್ದರು. ನನ್ನ ಜೊತೆ ಕನ್ನಡ ಶುರುಮಾಡಿ ಅರ್ಧಕ್ಕೆ ಹಿಂದಿಗೆ ಜಾರುತ್ತಿದ್ದಳು. ಯಾತ್ರಿಕರು ಸಾಮಾನು ಹೊತ್ತು ಗುಂಪುಗುಂಪಾಗಿ ಬರುವ ಹೊತ್ತಿಗೇ ಚೆಂಡು ತೆಗೆದುಕೊಂಡು ಅವರ ಮಧ್ಯೆ ನುಗ್ಗುತ್ತಿದ್ದಳು. ಅಜ್ಜಿಯಂದಿರ ಸೀರೆಗೆ ಚೆಂಡು ಸೋಕುತ್ತಿರಲಿಲ್ಲ. "ಯಾರದವ್ವಾ ಈ ಕೂಸು, ಕಾಲಾಗ ಏನರೆ ಮಂತ್ರ ಐತೇನು?" ಎಂದು ಒಬ್ಬ ಅಜ್ಜಿ ಬೆರಗಾಗಿ ನಿಂತದ್ದನ್ನು ನಾನೇ ಕಂಡಿದ್ದೇನೆ. ನನ್ನ ಇಡೀ ಕೆಲಸದ ಅವಧಿಯಲ್ಲಿ ಅಂಥ ಕಾಲು ಇನ್ನೊಂದು ನೋಡಲಿಲ್ಲ.

ಆಗ ಬಂದರು ನಮ್ಮ ತಿವಾರಿ ಸಾಹೇಬರು, ಹೊಸ ಮುಖ್ಯ ತರಬೇತುದಾರರು. ಎಲ್ಲೋ ಎರಡು ವಾರದ ಶಿಬಿರಕ್ಕೆ ಹೋಗಿ ಬಂದಿದ್ದರು. ಅಲ್ಲಿ ಯಾರೋ ಅವರ ತಲೆಗೆ ತುಂಬಿದ್ದರು, ಫುಟ್‌ಬಾಲ್ ಎಂದರೆ ಪಾಸಿಂಗ್ ಅಷ್ಟೇ ಎಂದು. ಮೊದಲ ಟಚ್ಚಿಗೆ ಚೆಂಡು ನಿಲ್ಲಿಸು, ಎರಡನೆಯದಕ್ಕೆ ಇನ್ನೊಬ್ಬರಿಗೆ ಕೊಡು. ಮೂರನೇ ಸಲ ಮುಟ್ಟಿದರೆ ಸೀಟಿ. ಸೀಟಿ ಬಿದ್ದವರು ಮೈದಾನ ಸುತ್ತಬೇಕು. "ಚೆಂಡು ನಿಮ್ಮಪ್ಪನ ಆಸ್ತಿಯೇನು?" ಎಂದು ಮಕ್ಕಳ ಮೇಲೆ ಹರಿಹಾಯುತ್ತಿದ್ದರು. ಅವರು ಬಂದ ಮೊದಲ ವಾರ ನೀಲಮ್ಮ ಆಡಿದ್ದಕ್ಕಿಂತ ಮೈದಾನ ಸುತ್ತಿದ್ದೇ ಹೆಚ್ಚು.

"ಸಾಹೇಬರೇ, ಪಾಸ್ ಕೊಡುವುದನ್ನು ಆಮೇಲೆ ಕಲಿಸಬಹುದು. ಈ ವಯಸ್ಸಿನಲ್ಲಿ ಚೆಂಡಿನ ಜೊತೆ ಒಬ್ಬರೇ ಆಡಲು ಬಿಡಬೇಕು, ಈಗ ಬಾರದ್ದು ಮುಂದೆ ಬರುವುದಿಲ್ಲ" ಎಂದು ನಾನು ಹಿಂದಿಯಲ್ಲಿ ಎಷ್ಟು ಮೆತ್ತಗೆ ಹೇಳಬಹುದೋ ಅಷ್ಟು ಮೆತ್ತಗೆ ಹೇಳಿದೆ.

"ಕೋಚ್ ಸಾಬ್, ಇದು ಗಲ್ಲಿಯ ತಮಾಷೆಯಲ್ಲ, ಕ್ರೀಡೆ" ಎಂದರು. ಮುಗಿಯಿತು.

ಸೀಟಿಗೆ ಹೆದರಿದ ಮಗು ಹೇಗೆ ಆಡುತ್ತದೆ ಗೊತ್ತೇ? ಚೆಂಡು ಬರುವ ಮೊದಲೇ ಅದನ್ನು ಯಾರ ತಲೆಗೆ ಕಟ್ಟಲಿ ಎಂದು ಹುಡುಕುತ್ತದೆ. ಚೆಂಡು ಅದಕ್ಕೆ ಬೇಡವಾಗುತ್ತದೆ. ನೋಡುವವರಿಗೆ ಮಾತ್ರ, ಆಹಾ, ಎಂಥಾ ಶಿಸ್ತು! ಈ ಶಿಸ್ತಿಗೆ ಬೆಂಕಿ ಬೀಳಲಿ.

ಆ ವರ್ಷವೇ ಕ್ರೀಡಾ ಹಾಸ್ಟೆಲಿನ ಆಯ್ಕೆ ಇತ್ತು. ಆಯ್ಕೆಯಾದವರಿಗೆ ಊಟ, ವಸತಿ, ಶಾಲೆ ಎಲ್ಲ ಅಲ್ಲೇ, ಮುಂದೆ ಕ್ರೀಡಾ ಕೋಟಾದಲ್ಲಿ ನೌಕರಿಯ ದಾರಿಯೂ ತೆರೆಯುತ್ತದೆ. ನೀಲಮ್ಮನ ವಯಸ್ಸಿಗೆ ಅದೇ ಕೊನೆಯ ಅವಕಾಶ, ಮರುವರ್ಷ ಮಿತಿ ದಾಟುತ್ತಿದ್ದಳು. ಆಯ್ಕೆ ಮಾಡುವವರ ಮುಖ್ಯಸ್ಥರು ಯಾರು? ತಿವಾರಿ ಸಾಹೇಬರೇ.

ಆಯ್ಕೆಯ ಪಂದ್ಯ ಊರ ಹೊರಗಿನ ಮೈದಾನದಲ್ಲಿ, ಹೆದ್ದಾರಿಯ ಪಕ್ಕ. ಬೇರೆ ಬೇರೆ ಜಿಲ್ಲೆಗಳಿಂದ ಹುಡುಗಿಯರು ಬಂದಿದ್ದರು. ನೀಲಮ್ಮ ಅವತ್ತು ಸೀಟಿಯನ್ನು ಮರೆತು ಆಡಿದಳು. ಪಂದ್ಯದ ರೆಫರಿ ಬೇರೆಯವನಾದ್ದರಿಂದ ಮೂರನೇ ಟಚ್ಚಿಗೆ ಊದುವವರೂ ಇರಲಿಲ್ಲ. ಮಧ್ಯದಲ್ಲಿ ಚೆಂಡು ತೆಗೆದುಕೊಂಡು ಒಬ್ಬಳನ್ನು ದಾಟಿದಳು, ಇನ್ನೊಬ್ಬಳಿಗೆ ಭುಜ ತೋರಿಸಿ ಬೇರೆ ಕಡೆ ಹೋದಳು. ಮುಂದೆ ಗೋಲ್‌ಕೀಪರ್ ಒಬ್ಬಳೇ. ಗೆರೆಯ ಹೊರಗೆ ನಾನೂ ಅವಳ ಜೊತೆ ಓಡುತ್ತಿದ್ದೆ.

ಅಷ್ಟರಲ್ಲಿ ಹೆದ್ದಾರಿಯಲ್ಲಿ ಒಂದು ಜೀಪು ಬಂತು. ಮೇಲೆ ಚಟ್ಟ ಕಟ್ಟಿದ್ದರು. ಹಳ್ಳಿಯಿಂದ ಕಾಶಿಗೆ ಹೆಣ ತರುವವರು. "ರಾಮ್ ನಾಮ್ ಸತ್ಯ ಹೈ!"

ನೀಲಮ್ಮನ ಅಂಗಾಲು ಚೆಂಡಿನ ಮೇಲೆ ಕೂತಿತು. ಅಷ್ಟು ವೇಗದಲ್ಲಿದ್ದವಳು ನಿಂತಲ್ಲೇ ನಿಂತಳು.

"ಆಡು! ಆಡಽ ನೀಲಾ!" ಎಂದು ನಾನು ಗಂಟಲು ಹರಿಯುವಂತೆ ಕೂಗಿದೆ. ಹಿಂದಿನಿಂದ ಓಡಿ ಬಂದ ಎದುರಾಳಿ ಅವಳ ಕಾಲಿನ ಕೆಳಗಿನಿಂದ ಚೆಂಡು ಒದ್ದುಕೊಂಡು ಹೋದಳು. ಆ ಕಡೆ ಗೋಲ್ ಆಯಿತು. ಕುರ್ಚಿಯಲ್ಲಿ ಕೂತವರು ಗೊಳ್ಳೆಂದು ನಕ್ಕರು. "ಏ ಕ್ಯಾ ನೌಟಂಕಿ ಹೈ? ಏನು ನಾಟಕ ಇದು?" ಎಂದು ತಿವಾರಿ ಸಾಹೇಬರು ಎದ್ದು ನಿಂತು ಅವಳನ್ನು ಹೊರಗೆ ಕರೆಸಿದರು.

ಅವಳು ನನ್ನ ಹತ್ತಿರ ಬಂದು ನಿಂತಳು. ಅಳು ಬಂದಿರಲಿಲ್ಲ, ಆಶ್ಚರ್ಯವಾಗಿತ್ತು. "ಕಾಕಾ, ಹೆಣ ಹೊಂಟಿತ್ತಲ್ಲ? ಇವರ್ಯಾರೂ ರುಕೇ ಕ್ಯೂಂ ನಹೀ?" ಎಂದು ಕೇಳಿದಳು. ಇವರ್ಯಾರೂ ಯಾಕೆ ನಿಲ್ಲಲಿಲ್ಲ ಎಂಬುದು ಅವಳ ಪ್ರಶ್ನೆ. ನಾನೂ ಆಡು ಎಂದೇ ಕೂಗಿದವನು.

ಸಂಜೆ ಆಯ್ಕೆಯಾದವರ ಹೆಸರು ಓದಿದರು. ಅವಳದಿರಲಿಲ್ಲ. ನಾನು ನೇರವಾಗಿ ಸಾಹೇಬರ ಕೋಣೆಗೆ ನುಗ್ಗಿದೆ.

"ಹೆಣ ಕಂಡರೆ ಆಟ ನಿಲ್ಲಿಸುವವಳನ್ನು ತೆಗೆದುಕೊಂಡು ನಾನೇನು ಮಾಡಲಿ?" ಎಂದರು.

"ನಿಲ್ಲಿಸಿದ್ದಷ್ಟೇ ಕಂಡಿತೇ ನಿಮಗೆ? ಹೇಗೆ ನಿಲ್ಲಿಸಿದಳು ನೋಡಿದಿರಾ? ನೀವು ತೆಗೆದುಕೊಂಡ ಹುಡುಗಿಯರಲ್ಲಿ ಒಬ್ಬಳಾದರೂ ಆ ವೇಗದಲ್ಲಿ ಚೆಂಡು ಹಾಗೆ ನಿಲ್ಲಿಸಲಿ, ನಾನು ಇವತ್ತೇ ರಾಜೀನಾಮೆ ಬರೆದುಕೊಡುತ್ತೇನೆ. ಅದಕ್ಕೂ ಮುಂಚೆ ಇಬ್ಬರನ್ನು ದಾಟಿದ್ದು? ಅದೂ ಕಾಣಲಿಲ್ಲವೇ? ಕಣ್ಣು ಎಲ್ಲಿಟ್ಟಿದ್ದಿರಿ?"

ಮೇಲಧಿಕಾರಿಗೆ ಹಾಗೆ ಹೇಳಬಾರದು. ಹೇಳಿದೆ, ಚೆನ್ನಾಗಿ ಹೇಳಿದೆ. ಮೇಜು ಗುದ್ದಿದ್ದಕ್ಕೆ ಅವರ ಚಹಾ ಚೆಲ್ಲಿತು. ಎದ್ದು ಹೋಗು ಎಂದರೂ ನಾನು ಕುರ್ಚಿ ಬಿಟ್ಟೇಳಲಿಲ್ಲ. ಕೊನೆಗೆ ಬೇಸತ್ತು ಹೇಳಿದರು: "ಸರಿ, ನಾಳೆ ಬೆಳಿಗ್ಗೆ ಕರೆದುಕೊಂಡು ಬನ್ನಿ, ಒಂದು ಜಾಗ ಖಾಲಿ ಇಟ್ಟಿರುತ್ತೇನೆ. ಆದರೆ ನನ್ನ ಆಟ ಆಡಬೇಕು. ಎರಡು ಟಚ್. ಮೂರನೆಯದು ಆಯಿತೋ, ಸೀದಾ ಮನೆಗೆ."

ಜಂಗಮವಾಡಿಗೆ ಹೋಗಿ ಶಿವಯ್ಯನವರಿಗೆ ಎಲ್ಲ ಹೇಳಿದೆ. ಕೊನೆಗೆ, "ನನಗಂತೂ ಮನಸ್ಸಿಲ್ಲ ಶಿವಯ್ಯಾರ. ಇದು ಆ ಹುಡುಗಿಯ ಕಾಲು ಕಟ್ಟಿ ಓಡು ಅಂದಂಗ ಆತು" ಎಂದೆ.

ಶಿವಯ್ಯ ಯಾತ್ರಿಕರ ಹಾಸಿಗೆ ಮಡಚುತ್ತಿದ್ದರು. ಕೈ ನಿಲ್ಲಿಸಿ, "ಸರ್ರ, ಒಂದು ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಿಮಗ ನೌಕರಿ ಹ್ಯಾಂಗ ಸಿಕ್ತು?" ಎಂದರು.

"ಚೆಂಡಿನಿಂದ."

"ಮತ್ತ ನನ್ನ ಮಗಳಿಗೆ ಬ್ಯಾಡೇನ್ರಿ? ಇನ್ನೊಂದು ವರ್ಷ ಅಕಿಗೆ ಎಲ್ಲೇತಿ?"

ಅವರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ನನ್ನ ಸಿಟ್ಟು ಮಾತ್ರ ಇನ್ನೂ ಹೆಚ್ಚಾಯಿತು. ಹೊಟ್ಟೆಪಾಡನ್ನು ಮುಂದೆ ಹಿಡಿದು ಮಗುವಿನ ಕಾಲನ್ನು ತಮ್ಮ ಹೆಸರಿಗೆ ಬರೆಸಿಕೊಳ್ಳುವ ಈ ಧಿಮಾಕು ಯಾರು ಕೊಟ್ಟರು ತಿವಾರಿಯಂಥವರಿಗೆ? ಬಾಗಿಲ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಿದ್ದ ನೀಲಮ್ಮ, "ನಾ ಬರ್ತೇನಿ ಕಾಕಾ" ಎಂದಳು.

ಮರುದಿನ ಬೆಳಿಗ್ಗೆ ಅವಳು ಆಡಿದ್ದನ್ನು ನೋಡಲಾರದೆ ನೋಡಿದೆ. ಚೆಂಡು ಬಂತು, ನಿಲ್ಲಿಸಿದಳು, ಕೊಟ್ಟಳು. ಬಂತು, ನಿಲ್ಲಿಸಿದಳು, ಕೊಟ್ಟಳು. ಒಂದು ಸಲವೂ ಸೀಟಿ ಬೀಳಲಿಲ್ಲ. ಎದುರಿಗೆ ಯಾರೂ ಇಲ್ಲದೆ ಗೋಲ್ ಬಾಯಿ ತೆರೆದು ನಿಂತಾಗಲೂ ಪಕ್ಕದವಳಿಗೆ ಕೊಟ್ಟಳು. ತಿವಾರಿ ಸಾಹೇಬರು ನನ್ನ ಬೆನ್ನು ತಟ್ಟಿ, "ನೋಡಿ ಕೋಚ್ ಸಾಬ್, ಹುಡುಗಿ ಎಷ್ಟು ಚೆನ್ನಾಗಿ ಆಡುತ್ತಾಳೆ! ಹಾಳುಮಾಡಿ ಇಟ್ಟವರು ನೀವು" ಎಂದರು. ಆ ಕೈಯನ್ನು ಮುರಿಯದೆ ಬಿಟ್ಟದ್ದು ನನ್ನ ಜೀವನದ ದೊಡ್ಡ ತಾಳ್ಮೆ. ಅವಳಿಗೆ ಜಾಗ ಸಿಕ್ಕಿತು. ಶಿವಯ್ಯ ಓಣಿಗೆಲ್ಲ ಪೇಡೆ ಹಂಚಿದರು, ನನಗೂ ಒಂದು ಕೊಟ್ಟರು. ತಿಂದೆ.

ಹಾಸ್ಟೆಲಿಗೆ ಹೋಗಲು ರೈಲು ಹತ್ತುವಾಗ ನೀಲಮ್ಮ ನನ್ನ ಮುಖ ನೋಡಿ ನಕ್ಕಳು. "ಇಷ್ಟ್ಯಾಕ ಗುಸ್ಸಾ ಕಾಕಾ? ಬಸ್ ಒಮ್ಮೆ ಒಳಗ ಹೋಗ್ತೇನಿ. ಆಮ್ಯಾಲ ನನ್ನಂಗ ಆಡ್ತೇನಿ, ನೋಡ್ರಿ ಬೇಕಾದ್ರ."

ನಾನೂ ನಂಬಿದೆ. ನಂಬದೆ ಏನು ಮಾಡಲಿ? ಆದರೆ ಹಾಸ್ಟೆಲಿನಲ್ಲೂ ತಿವಾರಿ ಸಾಹೇಬರದೇ ಪದ್ಧತಿ. ಬೆಳಿಗ್ಗೆ ಸೀಟಿ, ಸಂಜೆ ಸೀಟಿ. ಮೊದಮೊದಲು ಫೋನಿನಲ್ಲಿ ಅವಳು ಹೇಳುತ್ತಿದ್ದಳು, ಇವತ್ತು ಮೈದಾನ ಸುತ್ತಿಸಿದರು ಕಾಕಾ, ನಿನ್ನೆಯೂ ಸುತ್ತಿಸಿದರು ಎಂದು. ಆಮೇಲೆ ಸುತ್ತಿಸುವುದು ನಿಂತಿತು. ನಾನು ಅದನ್ನು ಒಳ್ಳೆಯ ಸುದ್ದಿ ಎಂದುಕೊಂಡಿದ್ದೆ.

ಕೆಲವು ವರ್ಷಗಳ ಮೇಲೆ ಅವಳನ್ನು ಮನೆಗೆ ಕಳಿಸಿದರು. ಕಾರಣ ಏನು ಕೊಟ್ಟಿದ್ದರು ಗೊತ್ತೇ? ಸಾಧಾರಣ ಆಟಗಾರ್ತಿ, ವಿಶೇಷವಾದದ್ದೇನೂ ಇಲ್ಲ. ವಿಶೇಷವಾದದ್ದೇನೂ ಇಲ್ಲವಂತೆ!

ಅಷ್ಟು ಹೊತ್ತಿಗೆ ನಾನು ನಿವೃತ್ತನಾಗಿದ್ದೆ. ಆದರೂ ಒಂದು ಬೆಳಿಗ್ಗೆ ಅವಳನ್ನು ಸಂಸ್ಥೆಯ ಮೈದಾನಕ್ಕೆ ಕರೆದುಕೊಂಡು ಹೋದೆ. ಎತ್ತರವಾಗಿದ್ದಳು, ಕಾಲುಗಳು ಗಟ್ಟಿಯಾಗಿದ್ದವು. ಇನ್ನೂ ಏನೂ ಮುಗಿದಿಲ್ಲ, ಒಂದು ಕ್ಲಬ್ಬಿಗೆ ಹೇಳಿ ಸೇರಿಸಬಹುದು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದೆ. ಅವಳ ಕಾಲಿಗೆ ಚೆಂಡು ಹಾಕಿ, ಹತ್ತು ಹೆಜ್ಜೆ ದೂರ ಹೋಗಿ ನಿಂತೆ.

"ಬಾ, ನನ್ನ ದಾಟಿ ಹೋಗು."

"ನಿಮ್ಮನ್ನ ದಾಟೂದು ಏನ್ ದೊಡ್ಡ ಮಾತು ಕಾಕಾ" ಎಂದು ನಕ್ಕಳು.

ಬಂದಳು. ವೇಗ ಇತ್ತು, ತಲೆ ಎತ್ತಿಯೇ ಇತ್ತು. ನಾನು ಬೇಕೆಂದೇ ಒಂದು ಕಡೆ ವಾಲಿ ಇನ್ನೊಂದು ಕಡೆ ಪೂರಾ ದಾರಿ ಬಿಟ್ಟುಕೊಟ್ಟೆ. ಒಂದು ಸಲ ಮುಟ್ಟಿದಳು. ಇನ್ನೊಂದು ಸಲ ಮುಟ್ಟಿದಳು. ಆಮೇಲೆ ನಿಂತು, ಯಾರಿಗೆ ಕೊಡಲಿ ಎಂದು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಮೈದಾನದಲ್ಲಿ ನಾವಿಬ್ಬರೇ ಇದ್ದೆವು.